ಒಡಂಬಡಿಕೆಗೆ ಸಹಿ ಬಿದ್ದ ಮೇಲೆ

ವಿದೇಶಿ ವಿಶ್ವವಿದ್ಯಾಲಯದ ಜತೆ ಒಡಂಬಡಿಕೆಯಾದರೆ ಕುಲಪತಿಗಳು ಕೈಕುಲುಕುವ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಅಲ್ಲಿಂದಾಚೆಗೆ ಹೆಣಗುವವರು ಬೇರೆ: ಹಣಕಾಸು ಅಧಿಕಾರಿ, ಯೋಜನೆಯ ಕಡತ ನೋಡುವ ಸಿಬ್ಬಂದಿ, ಲೆಕ್ಕಪರಿಶೋಧಕರು. ಇವರ ಕೆಲಸ ನಿಂತರೆ ಪ್ರಯೋಗಾಲಯದ ಕೆಲಸವೂ ನಿಲ್ಲುತ್ತದೆ.

ಮೊದಲ ಪ್ರಶ್ನೆ, ಹಣ ಯಾವ ದಾರಿಯಲ್ಲಿ ಬರಬೇಕು? 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಸಿಆರ್‌ಎ, ಇದನ್ನು ನಿರ್ಧರಿಸುತ್ತದೆ. ಸಂಸತ್ತು ಅಥವಾ ವಿಧಾನಮಂಡಲದ ಕಾಯ್ದೆಯಿಂದ ಸ್ಥಾಪನೆಯಾಗಿ, ಸಿಎಜಿ ಕಡ್ಡಾಯವಾಗಿ ಲೆಕ್ಕ ತಪಾಸಣೆ ಮಾಡುವ ಸಂಸ್ಥೆಗಳಿಗೆ ವಿನಾಯಿತಿ ಉಂಟು. ಟ್ರಸ್ಟ್ ನಡೆಸುವ ಸಂಶೋಧನಾ ಕೇಂದ್ರಕ್ಕೆ ಅದಿಲ್ಲ. 2020ರ ತಿದ್ದುಪಡಿಯ ನಂತರ, ಕೇಂದ್ರ ಬೆಂಗಳೂರಿನಲ್ಲಿದ್ದರೂ ವಂತಿಗೆ ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಇದಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಇನ್ನೊಂದು ನಿಯಮ: ಬಂದ ವಂತಿಗೆಯನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆಯೊಂದು ಅನುದಾನ ಪಡೆದು, ಜಿಲ್ಲೆಗಳ ಸಣ್ಣ ಸಂಸ್ಥೆಗಳಿಗೆ ಹಂಚಿ ಕ್ಷೇತ್ರಕಾರ್ಯ ಮಾಡಿಸುವ ದಾರಿ ಅಲ್ಲಿಗೆ ಮುಚ್ಚಿತು.

ಹಣದ ತೊಡಕು ತೀರಿದರೂ ಅನುಮತಿಗಳ ಸರದಿ ಉಳಿದಿರುತ್ತದೆ. ಪಶ್ಚಿಮ ಘಟ್ಟದ ಕಪ್ಪೆಯ ಅಂಗಾಂಶ ಹೊರದೇಶಕ್ಕೆ ಹೋಗಬೇಕೆಂದರೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ನಿಲ್ಲುತ್ತದೆ. ಅದನ್ನು ಜಾರಿಗೊಳಿಸುವ ಪ್ರಾಧಿಕಾರ ಚೆನ್ನೈಯಲ್ಲಿದೆ. ವಿದೇಶಿ ಪಾಲುದಾರಿಕೆಯ ಆರೋಗ್ಯ ಸಂಶೋಧನೆಯಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ ಒಪ್ಪಬೇಕು. ಇವು ಬೇಡವೆನ್ನುವಂತಿಲ್ಲ. ನಮ್ಮ ಕಾಡಿನ ಸಂಪತ್ತು, ನಮ್ಮ ರೋಗಿಗಳ ರಕ್ತದ ಮಾದರಿ ಯಾರ ಕೈಸೇರುತ್ತದೆ ಎಂದು ಕೇಳುವವರು ಇರಲೇಬೇಕು.

ಕೊಡುವವರ ಲೆಕ್ಕವೂ ಒಂದೇ ತೆರನಲ್ಲ. ವಿದ್ಯುತ್, ಗ್ರಂಥಾಲಯ, ಕಚೇರಿಯಂಥ ಪರೋಕ್ಷ ಖರ್ಚಿಗೆ, ಅಂದರೆ ಓವರ್‌ಹೆಡ್‌ಗೆ, ಐರೋಪ್ಯ ಒಕ್ಕೂಟದ ಸಂಶೋಧನಾ ಕಾರ್ಯಕ್ರಮ ‘ಹೊರೈಝಾನ್ ಯುರೋಪ್’ ನೇರ ವೆಚ್ಚದ ಮೇಲೆ ಶೇ 25 ಸೇರಿಸುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ವಿದೇಶಿ ಸಂಸ್ಥೆಗಳಿಗೆ ಬಹುಕಾಲ ಕೊಟ್ಟದ್ದು ಶೇ 8 ಮಾತ್ರ. ಲೆಕ್ಕದ ವರ್ಷವೂ ಹೊಂದುವುದಿಲ್ಲ: ಅಮೆರಿಕ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು, ನಮ್ಮದು ಏಪ್ರಿಲ್ 1ಕ್ಕೆ.

ರಾಜಕೀಯ ಬದಲಾದರಂತೂ ಒಪ್ಪಂದಗಳೇ ಅಲುಗಾಡುತ್ತವೆ. ಬ್ರೆಕ್ಸಿಟ್ ತಕರಾರಿನಲ್ಲಿ ಹೊರೈಝಾನ್‌ನಿಂದ ಹೊರಗುಳಿದ ಬ್ರಿಟನ್ ಮರಳಿ ಸೇರಿದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ಹೊರೈಝಾನ್‌ನ ಭಾಗವಾದ ಐರೋಪ್ಯ ಸಂಶೋಧನಾ ಮಂಡಳಿಯ ಅನುದಾನ ಗೆದ್ದಿದ್ದ ಅಲ್ಲಿನ ವಿಜ್ಞಾನಿಗಳು ದೇಶ ಬಿಡಬೇಕು, ಇಲ್ಲವೇ ಅನುದಾನ ಬಿಡಬೇಕು ಎಂಬ ಸ್ಥಿತಿಗೆ ಸಿಲುಕಿದ್ದರು. 2025ರ ಮೇ ತಿಂಗಳಲ್ಲಿ ಎನ್‌ಐಎಚ್, ಅಮೆರಿಕದ ಸಂಸ್ಥೆಗಳ ಮೂಲಕ ವಿದೇಶಿ ಪಾಲುದಾರರಿಗೆ ಹೋಗುತ್ತಿದ್ದ ಉಪ ಅನುದಾನಗಳನ್ನು ಹೊಸದಾಗಿ ಕೊಡುವುದಿಲ್ಲ, ಬೇರೆ ವ್ಯವಸ್ಥೆ ಆಗುವವರೆಗೆ ಕಾಯಿರಿ ಎಂದಿತು.

ಇಂಥ ಸುತ್ತೋಲೆಯನ್ನು ಓದಿದ ದಿನವೇ ಅರ್ಥ ಮಾಡಿಕೊಂಡು, ಸಂಶೋಧನಾ ಸಹಾಯಕರ ಮುಂದಿನ ತಿಂಗಳ ಸಂಬಳ ಎಲ್ಲಿಂದ ಎಂದು ಯೋಚಿಸಬಲ್ಲವರು ಬೇಕು. ಅಮೆರಿಕದಲ್ಲಿ ಇಂಥ ಸಂಶೋಧನಾ ಆಡಳಿತಗಾರರ ಸಂಘ 1959ರಲ್ಲೇ ಹುಟ್ಟಿತು. ನಮ್ಮಲ್ಲಿ ಹಲವೆಡೆ ಈ ಕೆಲಸ ಇನ್ನೂ ಪ್ರಾಧ್ಯಾಪಕರೊಬ್ಬರ ಹೆಗಲಿಗೆ ಬಿದ್ದ ಹೆಚ್ಚುವರಿ ಹೊಣೆ. ಪಾಠ, ಮೌಲ್ಯಮಾಪನದ ನಡುವೆ ಅವರೇ ಅನುದಾನದ ಬಳಕೆ ಪ್ರಮಾಣಪತ್ರವನ್ನೂ ತುಂಬಬೇಕು. ಒಡಂಬಡಿಕೆಗಳ ಸಂಖ್ಯೆ ಹೆಚ್ಚಿಸುವ ಮೊದಲು ತರಬೇತಿ ಪಡೆದ ಇಬ್ಬರನ್ನಾದರೂ ಕಾಯಂ ಹುದ್ದೆಯಲ್ಲಿ ಕೂರಿಸುವುದು ವಿಶ್ವವಿದ್ಯಾಲಯಗಳ ಕೈಯಳತೆಯಲ್ಲೇ ಇದೆ.