ಮಾಣಿಕಟ್ಟಾ ಗ್ರಾಮದ ಗಜನಿ ಬೇಸಾಯ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಗ್ರಾಮವು ಅಘನಾಶಿನಿ ನದಿಯ ಅಳಿವೆಯ ಪ್ರದೇಶದಲ್ಲಿರುವುದು. ಇಲ್ಲಿನ ತಗ್ಗು ಗದ್ದೆಗಳಿಗೆ ಗಜನಿಯೆಂದು ಹೆಸರು. ಕಡಲಿನ ಉಬ್ಬರದ ಉಪ್ಪುನೀರನ್ನು ತಡೆಯಲು ಇವುಗಳಿಗೆ ಕಟ್ಟೆಯನ್ನು ಹಾಕಿ, ನೀರು ಬಿಡುವುದಕ್ಕೆ ಬಾಗಿಲುಗಳನ್ನಿಟ್ಟಿರುವರು.

ಮುಂಗಾರು ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಮೇಲೆ, ಮೊಳಕೆ ಬರಿಸಿದ ಕಗ್ಗ ಬತ್ತವನ್ನು ಚೆಲ್ಲುವರು. ಈ ತಳಿಯು ಉಪ್ಪನ್ನೂ ನೆರೆಯನ್ನೂ ಸಹಿಸತಕ್ಕದ್ದು. ಪೈರು ಬಲಿತಾಗ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲಿಯೇ ಬಿಡುವರು. ಬಳಿಕ ಉಬ್ಬರದ ನೀರನ್ನು ಒಳಬಿಟ್ಟರೆ, ಅದರೊಡನೆ ಬರುವ ಮೀನು ಸಿಗಡಿಗಳಿಗೆ ಆ ಹುಲ್ಲು ಕೊಳೆತು ಆಹಾರವಾಗುವುದು. ಹೀಗೆ ಒಂದೇ ನೆಲದಿಂದ ಎರಡು ಆದಾಯವುಂಟು.

ಸಿಗಡಿಯ ಲಾಭವೊಂದನ್ನೇ ನೆಚ್ಚಿ ವರ್ಷವಿಡೀ ಉಪ್ಪುನೀರನ್ನು ನಿಲ್ಲಿಸಿದ ಗಜನಿಗಳಲ್ಲಿ ಬತ್ತದ ಬೇಸಾಯವು ನಿಂತುಹೋಗುವುದು. ಕಟ್ಟೆಯು ಒಂದೆಡೆ ಒಡೆದರೂ ಎಲ್ಲರ ಪೈರಿಗೂ ನಷ್ಟವು ತಪ್ಪದು. ಆದಕಾರಣ ಅಳಿವೆಯ ಗ್ರಾಮಗಳ ಹಿಡುವಳಿದಾರರೂ ಮುಖಂಡರೂ ಮಳೆಗೆ ಮುಂಚಿತವಾಗಿ ಒಟ್ಟುಗೂಡಿ ಕಟ್ಟೆಯನ್ನು ದುರಸ್ತು ಮಾಡಿಸಿ, ಕಗ್ಗದ ಬಿತ್ತನೆಬೀಜವನ್ನು ತಪ್ಪದೆ ಕಾಪಾಡಿಕೊಳ್ಳತಕ್ಕದ್ದು.