ಶಾಸಕರ ಮತದಾನ ಅಂಕಪಟ್ಟಿ

ಶಾಸಕರ ಮತದಾನ ಅಂಕಪಟ್ಟಿ ಎಂದರೆ ಶಾಸನಸಭೆಯ ಪ್ರತಿಯೊಬ್ಬ ಸದಸ್ಯರು ಮಸೂದೆ ಹಾಗೂ ನಿರ್ಣಯಗಳ ಮೇಲೆ ಹೇಗೆ ಮತ ಚಲಾಯಿಸಿದರು ಎಂಬುದನ್ನು ಮತದಾರರಿಗೆ ತಿಳಿಸುವ ಅಂತರಜಾಲ ದಾಖಲೆ. ಅಮೆರಿಕದ ‘ಗವ್‌ಟ್ರ್ಯಾಕ್’ ಮತ್ತು ಬ್ರಿಟನ್ನಿನ ‘ದೇ ವರ್ಕ್ ಫಾರ್ ಯು’ ಜಾಲತಾಣಗಳು 2004ರಲ್ಲಿ ಆರಂಭವಾದವು. ಭಾರತದಲ್ಲಿ ಸದಸ್ಯರ ಮತ ಹೆಸರುಸಹಿತ ದಾಖಲಾಗುವುದು ವಿರಳವಾದುದರಿಂದ ಇಂತಹ ಪಟ್ಟಿಯ ರಚನೆ ಕಷ್ಟಸಾಧ್ಯ.

ಮತ ದಾಖಲಾಗುವ ಬಗೆ

ಸಂವಿಧಾನದ 100 ಮತ್ತು 189ನೆಯ ವಿಧಿಗಳಂತೆ, ಸದನದಲ್ಲಿ ಹಾಜರಿದ್ದು ಮತ ಚಲಾಯಿಸಿದವರ ಬಹುಮತದಿಂದ ಪ್ರಶ್ನೆಗಳು ಇತ್ಯರ್ಥವಾಗುತ್ತವೆ. ಸಾಮಾನ್ಯವಾಗಿ ‘ಹೌದು’, ‘ಇಲ್ಲ’ ಎಂಬ ಕೂಗನ್ನು ಆಲಿಸಿ ಸಭಾಧ್ಯಕ್ಷರು ಫಲಿತಾಂಶ ಪ್ರಕಟಿಸುತ್ತಾರೆ. ಇದು ಧ್ವನಿಮತ. ಇದರಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ಸದಸ್ಯರು ಒತ್ತಾಯಿಸಿ ಮತವಿಭಜನೆ ನಡೆದಾಗ ಮಾತ್ರ ಎಣಿಕೆಯಾಗುತ್ತದೆ. ಲೋಕಸಭೆಯಲ್ಲಿ ಮತವಿಭಜನೆ ನಡೆದರೆ ಪರ ಮತ್ತು ವಿರೋಧ ಮತ ನೀಡಿದವರ ಹೆಸರುಗಳು ನಡಾವಳಿಯಲ್ಲಿ ಮುದ್ರಿತವಾಗುತ್ತವೆ.

ಉದಾಹರಣೆಗೆ, ಉಡುಪಿ ಜಿಲ್ಲೆಯ ಇನ್ನಂಜೆಯ ಮತದಾರರನ್ನು ವಿಧಾನಸಭೆಯಲ್ಲಿ ಕಾಪು ಕ್ಷೇತ್ರದ ಶಾಸಕರೂ ಲೋಕಸಭೆಯಲ್ಲಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಸಂಸದರೂ ಪ್ರತಿನಿಧಿಸುತ್ತಾರೆ. ಧ್ವನಿಮತದಿಂದ ಅಂಗೀಕಾರವಾದ ಕಾಯ್ದೆಯೊಂದಕ್ಕೆ ಈ ಪ್ರತಿನಿಧಿಗಳು ಒಪ್ಪಿದ್ದರೇ ಎಂಬುದು ಆ ಮತದಾರರಿಗೆ ಮತದ ದಾಖಲೆಯಿಂದ ತಿಳಿಯುವುದಿಲ್ಲ.

ಕರ್ನಾಟಕದ ನಿದರ್ಶನಗಳು

2010ರ ಅಕ್ಟೋಬರ್ 11ರಂದು ಬಿ. ಎಸ್. ಯಡಿಯೂರಪ್ಪ ಸರ್ಕಾರದ ವಿಶ್ವಾಸಮತ ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಯಿತೆಂದು ಘೋಷಿಸಲಾಯಿತು. ಇದು ವಿವಾದಕ್ಕೆ ಗುರಿಯಾಗಿ, ಅಕ್ಟೋಬರ್ 14ರಂದು ಮತ್ತೆ ಮತ ನಡೆದಾಗ ಸರ್ಕಾರ 106–100ರಿಂದ ಗೆದ್ದಿತು. 2019ರ ಜುಲೈ 23ರಂದು ಎಚ್. ಡಿ. ಕುಮಾರಸ್ವಾಮಿ ಸರ್ಕಾರ ತಲೆ ಎಣಿಕೆಯಲ್ಲಿ 99–105ರಿಂದ ಸೋತಿತು. ಆಡಳಿತ ಮೈತ್ರಿಯ ಹಲವು ಶಾಸಕರ ಗೈರುಹಾಜರಿ ಅಲ್ಲಿ ನಿರ್ಣಾಯಕವಾಗಿತ್ತು. ಜುಲೈ 29ರಂದು ಅಧಿಕಾರಕ್ಕೆ ಬಂದಿದ್ದ ಹೊಸ ಸರ್ಕಾರ ಧ್ವನಿಮತದಿಂದಲೇ ವಿಶ್ವಾಸ ಪಡೆಯಿತು.

ಸಚೇತಕಾಜ್ಞೆಯ ಪರಿಣಾಮ

1985ರ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಂತೆ, ಪಕ್ಷದ ನಿರ್ದೇಶನಕ್ಕೆ (ವಿಪ್) ವಿರುದ್ಧವಾಗಿ ಮತ ಹಾಕಿದ ಅಥವಾ ಮತದಿಂದ ದೂರ ಉಳಿದ ಸದಸ್ಯರು, ಮುಂಚಿತ ಅನುಮತಿ ಪಡೆದಿರದಿದ್ದರೆ ಮತ್ತು ಪಕ್ಷ 15 ದಿನಗಳೊಳಗೆ ಮನ್ನಿಸದಿದ್ದರೆ, ಅನರ್ಹರಾಗಬಹುದು. ಆದ್ದರಿಂದ ವಿಪ್ ಜಾರಿಯಲ್ಲಿದ್ದಾಗ ಬಿದ್ದ ಮತವು ಸದಸ್ಯರ ಸ್ವಂತ ಅಭಿಪ್ರಾಯಕ್ಕಿಂತ ಪಕ್ಷದ ನಿಲುವನ್ನೇ ಸೂಚಿಸುತ್ತದೆ.

ಭಾರತದಲ್ಲಿನ ಪ್ರಯತ್ನಗಳು

2005ರಲ್ಲಿ ಸ್ಥಾಪಿತವಾದ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸದರ ಹಾಜರಾತಿ, ಪ್ರಶ್ನೆ, ಚರ್ಚೆ ಹಾಗೂ ಖಾಸಗಿ ಮಸೂದೆಗಳ ವಿವರ ನೀಡುತ್ತದೆ. ಮಂತ್ರಿಗಳು ಸರ್ಕಾರದ ಪ್ರತಿನಿಧಿಗಳಾದುದರಿಂದ ಅವರ ಲೆಕ್ಕ ಬೇರೆ. 1999ರಲ್ಲಿ ಆರಂಭವಾದ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಅಭ್ಯರ್ಥಿಗಳ ಪ್ರಮಾಣಪತ್ರಗಳಲ್ಲಿನ ಆಸ್ತಿ ಹಾಗೂ ಮೊಕದ್ದಮೆಗಳ ಮಾಹಿತಿಯನ್ನು ಪ್ರಕಟಿಸುತ್ತದೆ. ಇವು ಮತದಾನದ ದಾಖಲೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ರಚನೆಯ ಕ್ರಮ

ಪಟ್ಟಿಯಲ್ಲಿ ಮಸೂದೆಯ ಹೆಸರು, ದಿನಾಂಕ, ಮತದ ಬಗೆ, ಸದಸ್ಯರು ಮತ್ತು ಕ್ಷೇತ್ರಗಳ ವಿವರಗಳು ಇರಬೇಕಾಗುತ್ತದೆ. ಒಂದೇ ಹೆಸರಿನ ಸದಸ್ಯರು ಬೆರೆಯದಂತೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಸಂಖ್ಯೆ ಅಗತ್ಯ. ಪರ, ವಿರೋಧ, ತಟಸ್ಥ, ಗೈರು ಎಂಬ ನಾಲ್ಕು ವರ್ಗಗಳನ್ನು ಒಟ್ಟುಗೂಡಿಸಬಾರದು. ಸಭಾಧ್ಯಕ್ಷರು ಮತಗಳು ಸಮಬಲವಾದಾಗ ಮಾತ್ರ ನಿರ್ಣಾಯಕ ಮತ ನೀಡುವುದರಿಂದ ಅವರನ್ನು ಗೈರೆಂದು ಗುರುತಿಸುವಂತಿಲ್ಲ. ಧ್ವನಿಮತವಾದಲ್ಲಿ ಅಂದಾಜಿನ ಮತವನ್ನು ತುಂಬದೆ ‘ಹೆಸರು ದಾಖಲಾಗಿಲ್ಲ’ ಎಂದೇ ನಮೂದಿಸುವುದು ಸೂಕ್ತ. ವಿಪ್ ಇತ್ತೇ ಎಂಬುದನ್ನೂ ತೋರಿಸಿದರೆ ಓದುಗರಿಗೆ ಮತದ ಅರ್ಥ ಸ್ಪಷ್ಟವಾಗುತ್ತದೆ.

ಮಿತಿಗಳು

ಹಾಜರಾತಿಯ ಶೇಕಡಾವಾರು ಅಂಕವು ಸದಸ್ಯರು ಸದನದಲ್ಲಿದ್ದರು ಎಂಬುದನ್ನು ತಿಳಿಸುತ್ತದೆ, ಯಾವ ನಿಲುವು ತಳೆದರು ಎಂಬುದನ್ನಲ್ಲ. ಮಸೂದೆಗಳ ಆಯ್ಕೆಯಲ್ಲಿ ಪಕ್ಷಪಾತವಾದರೆ ಅಂಕಗಳೂ ಪಕ್ಷಪಾತಿಯಾಗುತ್ತವೆ. ಆದ್ದರಿಂದ ಒಟ್ಟು ಅಂಕಕ್ಕಿಂತ ಮೂಲ ನಡಾವಳಿಯನ್ನು ಓದುಗರ ಮುಂದಿಡುವ ಪಟ್ಟಿಯೇ ಹೆಚ್ಚು ವಿಶ್ವಾಸಾರ್ಹ.