ಕೌದಿಯ ನಂಟು

ಉಟ್ಟು ಸವೆದ ಸೀರೆ, ತೊಟ್ಟು ಹರಿದ ಅಂಗಿ, ದರ್ಜಿಯ ಕತ್ತರಿಯಿಂದ ಉದುರಿದ ತುಂಡು - ಇವುಗಳನ್ನು ನಾವು ಬೆಲೆಯಿಲ್ಲದವೆಂದು ಬಿಸುಡುತ್ತೇವೆ. ಆದರೆ ಉತ್ತರ ಕರ್ನಾಟಕದ ಹಳ್ಳಿಗಳ ಹೆಂಗಳೆಯರು ಇವುಗಳಿಂದಲೇ ಚಳಿಗೆ ಹೊದೆಯುವ, ನೆಲಕ್ಕೆ ಹಾಸುವ ಬೆಚ್ಚನೆಯ ವಸ್ತುವೊಂದನ್ನು ಸಿದ್ಧಪಡಿಸುತ್ತ ಬಂದಿದ್ದಾರೆ. ಅದೇ ಕೌದಿ.

ನನ್ನ ಬಾಲ್ಯದಲ್ಲಿ ನಮ್ಮೂರಿನಲ್ಲಿ ಸುಗ್ಗಿಯ ಕೆಲಸ ಮುಗಿದು ಕೈ ಬಿಡುವಾದ ಮೇಲೆ, ಬೇಸಗೆಯ ಮಧ್ಯಾಹ್ನಗಳಲ್ಲಿ ಕೌದಿಯ ಹೊಲಿಗೆ ಆರಂಭವಾಗುತ್ತಿತ್ತು. ಪಡಸಾಲೆಯಲ್ಲಿ ಹಳೆಯ ಸೀರೆಯೊಂದನ್ನು ಹಾಸಿ, ಅದರ ಮೇಲೆ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಹರಡಿ, ಸುತ್ತಲೂ ನಾಲ್ಕಾರು ಜನ ಸೂಜಿ ಹಿಡಿದು ಕುಳಿತುಕೊಳ್ಳುತ್ತಿದ್ದರು. ಇಂದು ಒಬ್ಬರ ಮನೆಯ ಕೌದಿಯಾದರೆ ನಾಳೆ ಇನ್ನೊಬ್ಬರ ಮನೆಯದು. ಅಲ್ಲಿ ಕೂಲಿಯ ಮಾತಿಲ್ಲ, ಮುಯ್ಯಿಗೆ ಮುಯ್ಯಿ. ಹೊಲಿಗೆಯ ಜೊತೆಜೊತೆಗೆ ಹಾಡು, ಒಗಟು, ಮಗಳ ಮದುವೆಯ ಚಿಂತೆ ಎಲ್ಲವೂ ಸಾಗುತ್ತಿದ್ದವು.

ಒಂದು ದೃಶ್ಯವಂತೂ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಿತ್ತಲ ಬೇಲಿಯ ಜಗಳದಿಂದ ನನ್ನ ತಾಯಿಯೂ ನೆರೆಮನೆಯವರೂ ಎರಡು ವರ್ಷ ಮಾತು ಬಿಟ್ಟಿದ್ದರು. ನನ್ನ ತಂಗಿಯ ತೊಟ್ಟಿಲಿಗೆಂದು ಪುಟ್ಟ ಕೌದಿ ಸಿದ್ಧವಾಗುತ್ತಿದ್ದಾಗ, ಆ ನೆರೆಯಾಕೆ ಕರೆಯದೆಯೇ ಬಂದು ಒಂದು ಅಂಚಿನಲ್ಲಿ ಕುಳಿತು ಹೊಲಿಯತೊಡಗಿದರು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಅವರು, "ಯಕ್ಕಾ, ದಾರ ಮುಗೀತು" ಎಂದರು. ತಾಯಿ ತಮ್ಮ ದಾರದ ಉಂಡೆಯನ್ನು ಅವರತ್ತ ಉರುಳಿಸಿದರು. ಬೇಲಿಯ ಮಾತು ಮತ್ತೆಂದೂ ಏಳಲಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗಗಳಲ್ಲಿ ಈ ಕಲೆಗೆ ಇನ್ನೊಂದು ರೂಪವಿದೆ. ಅದು ಸಿದ್ದಿ ಜನಾಂಗದ ಮಹಿಳೆಯರದು. ಇವರ ಪೂರ್ವಜರು ಆಫ್ರಿಕಾ ಖಂಡದಿಂದ ಬಂದವರು. ಅವರಲ್ಲಿ ಅನೇಕರು ದಾಸರಾಗಿ ತರಲ್ಪಟ್ಟವರು. ಸಿದ್ದಿಯರ ಕೌದಿಯ ಹೊಲಿಗೆ ಅಂಚಿನ ಮೂಲೆಯಿಂದ ಹೊರಟು, ಸುತ್ತುತ್ತ ಸುತ್ತುತ್ತ ನಡುವನ್ನು ಸೇರುತ್ತದೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ತುಂಡುಗಳನ್ನು ಹೂವಿನಂತೆ ಕೂರಿಸಿದಾಗಲೇ ಅದು ಪೂರ್ಣವಾಯಿತೆಂದು ಅವರ ಭಾವನೆ. ಸಿದ್ದಿಯರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಒಂದು ಮನೆಯ ಕೌದಿಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಅರ್ಧಚಂದ್ರ ಕಾಣುವುದುಂಟು. ಆದರೆ ಹೊಲಿಗೆಯ ಕ್ರಮ ಎಲ್ಲರದೂ ಒಂದೇ. 2004ರಲ್ಲಿ ಈ ಮಹಿಳೆಯರ ಸಹಕಾರ ಸಂಘವೊಂದು ರೂಪುಗೊಂಡಿತು. ಮುಂದೆ ಅವರ ಕೌದಿಗಳು ಅಮೆರಿಕದಲ್ಲಿಯೂ ಪ್ರದರ್ಶನಗೊಂಡವು.

ಇಂದು ಅಂಗಡಿಯಲ್ಲಿ ಅಗ್ಗದ ಹೊದಿಕೆಗಳು ದೊರೆಯುತ್ತವೆ. ಅವು ಚಳಿಯನ್ನು ತಡೆಯುತ್ತವೆ, ನಿಜ. ಆದರೆ ಅವುಗಳಿಗಾಗಿ ನಾಲ್ಕು ಮನೆಯವರು ಒಂದೆಡೆ ಕೂರಬೇಕಾಗಿಲ್ಲ; ಮುನಿದ ನೆರೆಯವರು ದಾರ ಕೇಳಬೇಕಾಗಿಲ್ಲ. ಕೌದಿಯೊಡನೆ ನಾವು ಕಳೆದುಕೊಳ್ಳುತ್ತಿರುವುದು ಇದನ್ನೇ. ನಿಮ್ಮ ಮನೆಯಲ್ಲಿ ಹಳೆಯ ಕೌದಿಯೊಂದಿದ್ದರೆ ಅಜ್ಜಿಯ ಬಳಿ ಕುಳಿತು ಕೇಳಿರಿ: ಈ ತುಂಡು ಯಾರ ಸೀರೆಯದು? ಈ ಅಂಚನ್ನು ಹೊಲಿದವರು ಯಾರು? ಅವರು ಹೇಳುವ ಹೆಸರುಗಳಲ್ಲಿ ನಿಮ್ಮ ಮನೆಯವರದಷ್ಟೇ ಅಲ್ಲ, ಇಡೀ ಓಣಿಯವರ ಹೆಸರೂ ಇರುತ್ತದೆ.